ಐವತ್ತನಾಲ್ಕು ನಿಮಿಷಗಳನ್ನು ಪತ್ನಿಯ ಹೆಸರಿಗೆ ವರ್ಗಾಯಿಸುವ ಕುರಿತು

ಇಂದ,
ಹಿರಿಯ ಸಹಾಯಕ, ಪರಿಶೀಲನಾ ಶಾಖೆ,
ತೂಕ ಮತ್ತು ಅಳತೆ ಕಚೇರಿ, ಎರಡನೇ ಮಹಡಿ
(ಲಿಫ್ಟ್ ಕೆಟ್ಟಿದೆ. ವಿಚಾರಣೆಗೆ ಬರುವವರು ಮೆಟ್ಟಿಲು ಹತ್ತತಕ್ಕದ್ದು. ಅರ್ಜಿದಾರನೂ ಹತ್ತುತ್ತಿದ್ದಾನೆ, ಒಂದೊಂದಾಗಿ.)

ಗೆ,
ಗೌರವಾನ್ವಿತ ಕಾರ್ಯದರ್ಶಿಗಳು,
ಓಟ ಸಂಘಟನಾ ಸಮಿತಿ,
ಫಲಿತಾಂಶ ಹಾಗೂ ದೂರು ವಿಭಾಗ

ವಿಷಯ: ನನ್ನ ಹೆಸರಿನಲ್ಲಿ ನಮೂದಾಗಿರುವ 54 ನಿಮಿಷ 40 ಸೆಕೆಂಡುಗಳ ಹತ್ತು ಕಿಲೋಮೀಟರ್ ಓಟವು ನನ್ನದಲ್ಲವಾದ ಕಾರಣ, ಸದರಿ ಓಟವನ್ನು ಅದನ್ನು ನಿಜವಾಗಿ ಓಡಿದ ನನ್ನ ಪತ್ನಿಯ ಹೆಸರಿಗೆ ವರ್ಗಾಯಿಸಿ, ನನಗೆ ತಕ್ಕ ಶಿಕ್ಷೆ ದಯಪಾಲಿಸುವ ಬಗ್ಗೆ.

ಉಲ್ಲೇಖ:
1) ಓಟಗಾರರ ಸಂಖ್ಯೆ 2317.
2) ಸಮಿತಿಯ ನಿಯಮಾವಳಿ, ಕಲಂ 14. (ಓದದೆ ಒಪ್ಪಿಗೆ ಸೂಚಿಸಿದ್ದು. ಈಗ ಓದಿದ್ದೇನೆ.)
3) ನಮ್ಮ ಅಡುಗೆಮನೆಯಲ್ಲಿ ಕಳೆದ ವಾರ ನಡೆದ ಮೌಖಿಕ ಮಾತುಕತೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ದಯವಿಟ್ಟು ಕುಳಿತು ಓದುವುದು.

1. ನಾನು ಕಳೆದ ಒಂಬತ್ತು ವರ್ಷಗಳಿಂದ ಹವ್ಯಾಸಿ ಓಟಗಾರನಾಗಿದ್ದು, ಈ ಅವಧಿಯಲ್ಲಿ ಓಡಿ ಎಂದು ಯಾರೂ ನನ್ನನ್ನು ಕೇಳಿಕೊಂಡಿರುವುದಿಲ್ಲ. ನನ್ನ ಅತ್ಯುತ್ತಮ ಸಮಯ ಒಂದು ಗಂಟೆ ಮೂರು ನಿಮಿಷ ಹದಿನೆಂಟು ಸೆಕೆಂಡು. ಸದರಿ ಅಂಕಿಯನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಒಮ್ಮೆ ಹಲ್ಲು ಕೀಳಿಸಿಕೊಳ್ಳುವಾಗ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳಿದ್ದೇನೆ. ನನ್ನ ಪತ್ನಿ ಶಾಲೆಯೊಂದರಲ್ಲಿ ಪ್ರಯೋಗಾಲಯ ಸಹಾಯಕಿ. ಈ ಒಂಬತ್ತು ವರ್ಷವೂ ಪ್ರತಿ ಓಟದಲ್ಲಿ ಅವಳು ಮುಕ್ತಾಯದ ಕಮಾನಿನ ಪಕ್ಕ ನನ್ನ ಚೀಲ ಹಿಡಿದು ನಿಂತಿದ್ದಾಳೆ. ಚೀಲದಲ್ಲಿ ಒಣ ಅಂಗಿ, ಟವೆಲ್, ಕನ್ನಡಕ, ಮನೆಯ ಬೀಗದಕೈ. ಈ ಹುದ್ದೆಗೆ ಬಡ್ತಿಯೂ ಇರಲಿಲ್ಲ, ರಜೆಯೂ ಇರಲಿಲ್ಲ. ಆಗ ಇದನ್ನು ನಾನು ಗಮನಿಸಿರುವುದಿಲ್ಲ.

2. ಕಳೆದ ವರ್ಷದ ಓಟದಲ್ಲಿ, ಒಂಬತ್ತನೇ ಕಿಲೋಮೀಟರಿನ ಬಳಿ, ಅವಳಿ ಮಕ್ಕಳನ್ನು ಕೂರಿಸಿದ ತಳ್ಳುಗಾಡಿಯನ್ನು ತಳ್ಳುತ್ತಾ ಒಬ್ಬ ತಂದೆ ನನ್ನನ್ನು ಹಿಂದೆ ಹಾಕಿದ. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಮಕ್ಕಳಲ್ಲೊಂದು ಗಾಡಿಯಿಂದ ತಲೆ ಹೊರಗೆ ಹಾಕಿ ನನಗೆ ಟಾಟಾ ಮಾಡಿತು. ಟಾಟಾ ಮಾಡಿದ ಕಾರಣ ನಾನು ವೇಗ ಹೆಚ್ಚಿಸಿದೆ. ವೇಗ ಹೆಚ್ಚಿಸಿದ ಕಾರಣ ಬಲಗಾಲಿನ ಮೀನಖಂಡ ಟಪ್ ಎಂದಿತು. ಟಪ್ ಎಂದ ಕಾರಣ ಬಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ರಸ್ತೆಯಲ್ಲಿ ಹೊಂಡವಿತ್ತೆಂದು ತಮಗೆ ಎರಡು ಪುಟದ ದೂರು ಸಲ್ಲಿಸಿದ್ದೆ. ಸದರಿ ದೂರನ್ನು ಈ ಮೂಲಕ ಹಿಂಪಡೆದಿರುತ್ತೇನೆ. ಹೊಂಡ ಇರಲಿಲ್ಲ.

3. ಫಿಸಿಯೋ ಬಳಿ ಹೋದೆ. ಆಕೆ ನನ್ನ ಕಾಲನ್ನು ಹಿಂದೆ ಮುಂದೆ ಬಗ್ಗಿಸಿ, “ಓಡೋ ಮಾತು ಆಮೇಲೆ. ಮೊದಲು ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜೋದು ಕಲೀರಿ” ಎಂದರು. ಎಷ್ಟು ದಿನ ಎಂದು ಕೇಳಿದೆ. “ಹಲ್ಲಿರೋವರೆಗೂ” ಎಂದರು. ಜೊತೆಗೆ ದಿನಕ್ಕೆ ಮೂರು ಸಲ, ಸಲಕ್ಕೆ ಹದಿನೈದರಂತೆ, ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಕೊಟ್ಟರು. ಎಣಿಸುವ ಕೆಲಸ ಪತ್ನಿಯದು. “ಹನ್ನೊಂದಾದ್ಮೇಲೆ ಹದಿನೈದು ಬರಲ್ಲ ರೀ” ಎಂದು ಅವಳು ದಿನವೂ ನೆನಪಿಸಬೇಕಾಗುತ್ತಿತ್ತು.

ನಾಲ್ಕನೇ ತಿಂಗಳಿಗೆ ಕಾಲು ನನ್ನ ಮಾತು ಕೇಳತೊಡಗಿದಂತೆ ಅನ್ನಿಸಿದ್ದರಿಂದ, ಫಿಸಿಯೋ ಅನುಮತಿ ಇಲ್ಲದೆ, ಮುಂದಿನ ಓಟಕ್ಕೆ ಹೆಸರು ನೋಂದಾಯಿಸಿದೆ. ಹದಿನಾರು ವಾರಗಳ ತರಬೇತಿ ಪಟ್ಟಿಯೊಂದನ್ನು ಮುದ್ರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದೆ. ದಿನಕ್ಕೊಂದು ಚೌಕ, ಓಡಿದ ಮೇಲೆ ಗುರುತು ಹಾಕಬೇಕು. ಎರಡನೇ ವಾರ, ಹಾಲು ತರುವ ನೆಪದಲ್ಲಿ ಕದ್ದು ಓಡಿದೆ. ಅದೇ ಕಾಲು, ಅದೇ ಜಾಗ, ಮತ್ತೊಮ್ಮೆ ಟಪ್. ಹಾಲಿನ ಪ್ಯಾಕೆಟ್ಟೂ ಒಡೆಯಿತು. “ಕುಂಟನಿಗೆ ಎಂಟು ಚೇಷ್ಟೆ ಅಂತ ಸುಮ್ನೆ ಹೇಳ್ತಾರಾ?” ಎಂದು ಫಿಸಿಯೋ ಈ ಸಲ ಕೈಗೆ ಊರುಗೋಲನ್ನೇ ಕೊಟ್ಟರು.

4. ಅಲ್ಲಿಂದಾಚೆ ಸದರಿ ಪಟ್ಟಿಯ ಚೌಕಗಳಲ್ಲಿ ದಿನವೂ ಗುರುತು ಬೀಳುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಲು ಬಂದ ದಿನದ ಗುರುತೆಂದು ತಿಳಿದಿದ್ದೆ. ಒಂದು ಭಾನುವಾರದ ಚೌಕದಲ್ಲಿ “ಹದಿನಾಲ್ಕು” ಎಂದು ಬರೆದಿತ್ತು. ಇಬ್ಬರೇ ಇರುವ ಮನೆಗೆ ಹದಿನಾಲ್ಕು ಲೀಟರ್ ಹಾಲು ಏಕೆ ಎಂಬ ಪ್ರಶ್ನೆ ತೂಕ ಮತ್ತು ಅಳತೆ ಕಚೇರಿಯ ಹಿರಿಯ ಸಹಾಯಕನಿಗೆ ಹೊಳೆಯಲಿಲ್ಲ.

5. ಓಟದ ದಿನ ಹತ್ತಿರ ಬಂತು. ನಮ್ಮ ಓಟದ ಗುಂಪಿಗೊಬ್ಬ ಮುಖಂಡರಿದ್ದಾರೆ. ಮಲಗುವಾಗಲೂ ಕೈಗಡಿಯಾರ ಬಿಚ್ಚದ ಕಾರಣ ಎಲ್ಲರೂ ಅವರನ್ನು ‘ಗಡಿಯಾರ’ ಎಂದೇ ಕರೆಯುವುದು. ಗುಂಪಿನಲ್ಲಿ ಯಾರಿಗಾದರೂ ಪೆಟ್ಟಾದರೆ ಅವರ ಸಂಖ್ಯೆಯನ್ನು ಬೇರೆಯವರಿಗೆ ಕಟ್ಟಿ ಕಳಿಸುವುದು ನಮ್ಮಲ್ಲಿ ನಡೆದುಬಂದ ರೂಢಿ. ಕಲಂ 14 ಇದನ್ನು ನಿಷೇಧಿಸುತ್ತದೆ, ಎಲ್ಲರೂ ಮಾಡುತ್ತಾರೆ.

“ನಂಬರ್ ವೇಸ್ಟ್ ಮಾಡ್ಬೇಡಿ” ಎಂದರು ಗಡಿಯಾರ. “ಮನೇಲಿ ಯಾರಿಗಾದ್ರೂ ಚುಚ್ಚಿ ಕಳಿಸಿ. ಯಾರು ಓಡಿದ್ರೂ ಪದಕ ನಿಮ್ಮ ಗೋಡೆಗೇ ತಾನೆ ಬರೋದು?”

ನನ್ನ ಗೋಡೆಯಲ್ಲಿ ಹದಿನೆಂಟು ಪದಕಗಳಿದ್ದು, ಹತ್ತೊಂಬತ್ತನೆಯ ಮೊಳೆ ಖಾಲಿಯಿತ್ತು. ಆದ್ದರಿಂದ ಪತ್ನಿಯನ್ನು ಕರೆದು, “ಸುಮ್ನೆ ನಡ್ಕೊಂಡು ಹೋಗಿ ಬಾ. ಎರಡು ಗಂಟೆ ಆದ್ರೂ ಪರವಾಗಿಲ್ಲ. ಪದಕ ಇಸ್ಕೊಳ್ಳೋದು ಮಾತ್ರ ಮರೀಬೇಡ” ಎಂದೆ. ಅವಳು “ಸರಿ ರೀ” ಎಂದಳು. 2317 ಎಂಬ ಸಂಖ್ಯೆಯನ್ನು, ಅದರ ಹಿಂದೆ ಅಂಟಿಸಿದ್ದ ಸಮಯ ಅಳೆಯುವ ಚಿಪ್ ಸಮೇತ, ನಾಲ್ಕು ಪಿನ್ನು ಹಾಕಿ ಅವಳ ಅಂಗಿಗೆ ನಾನೇ ಚುಚ್ಚಿದೆ.

6. ಅವಳು ನಡೆದು ಬರಲು ಎರಡು ಗಂಟೆ ಬೇಕೆಂದು ಲೆಕ್ಕ ಹಾಕಿ, ಚೀಲ ಹೆಗಲಿಗೆ ಹಾಕಿಕೊಂಡು ಊರುಗೋಲಿನೊಂದಿಗೆ ಚಹಾ ಕುಡಿಯಲು ಹೋದೆ. ನಿಧಾನವಾಗಿ ಎರಡು ಚಹಾ ಕುಡಿದೆ. ಓಟ ಶುರುವಾಗಿ ಒಂದು ಗಂಟೆ ಕಳೆಯುವ ಹೊತ್ತಿಗೆ ಕಮಾನಿನ ಬಳಿ ಬಂದರೆ, ಅವಳು ಕತ್ತಿನಲ್ಲಿ ಪದಕ ಹಾಕಿಕೊಂಡು ನಿಂತಿದ್ದಳು.

“ಎಲ್ಲಿ ಹೋಗಿದ್ರಿ? ಟವೆಲ್ ಬೇಕಿತ್ತು.”

“ಅರ್ಧಕ್ಕೇ ವಾಪಸ್ ಬಂದ್ಯಾ?”

“ಇಲ್ಲ ರೀ, ಮುಗಿಸ್ದೆ.”

ಅಷ್ಟರಲ್ಲಿ ತಮ್ಮ ಓಟ ಮುಗಿಸಿ ನಿಂತಿದ್ದ ಗಡಿಯಾರ ಮಣಿಕಟ್ಟು ಮುಂದೆ ಚಾಚಿಕೊಂಡೇ ಬಂದರು. “ಐವತ್ನಾಲ್ಕು ನಲವತ್ತು! ನಾನೇ ಒತ್ತಿದ್ದು. ಏನ್ರೀ ಇದು, ಒಂಬತ್ತು ವರ್ಷದಲ್ಲಿ ನಿಮಗಾಗ್ದಿದ್ದು?”

ಹೇಗೆ ಎಂದು ನಾನು ಅವಳನ್ನು ಕೇಳಿದೆ. ಅವಳು ಟವೆಲ್‌ನಲ್ಲಿ ಮುಖ ಒರೆಸುತ್ತಾ ಹೇಳಿದಳು: “ಫ್ರಿಜ್ ಮೇಲೆ ಪಟ್ಟಿ ಇತ್ತಲ್ಲ. ಚೌಕ ಖಾಲಿ ಬಿಟ್ರೆ ಚೆನ್ನಾಗಿರಲ್ಲ ಅನ್ನಿಸ್ತು. ನೀವು ಏಳೋದ್ರೊಳಗೆ ಓಡಿ ಬಂದು ಗುರುತು ಹಾಕ್ತಿದ್ದೆ. ಕಾಲು ನೋವಲ್ಲಿದ್ರಿ, ಯಾಕೆ ಹೇಳಿ ಹೊಟ್ಟೆ ಉರಿಸ್ಲಿ ಅಂತ ಸುಮ್ನಿದ್ದೆ.”

ಆ ಕ್ಷಣ ನನಗೆ ಸಂತೋಷವಾಯಿತೆಂದು ಬರೆದರೆ ಅದು ಇನ್ನೊಂದು ಸುಳ್ಳು ದಾಖಲೆಯಾಗುತ್ತದೆ. ಹೊಟ್ಟೆ ಉರಿಯಿತು. ಸಂತೋಷವೂ ಆಯಿತು, ಆದರೆ ಅದು ಸುಮಾರು ಹತ್ತು ದಿನ ತಡವಾಗಿ ಬಂತು, ಅಷ್ಟರಲ್ಲಿ ಕೆಳಕಂಡ ಅನಾಹುತ ನಡೆದುಹೋಗಿತ್ತು.

7. ನಾನು ಹೆಸರು ನೋಂದಾಯಿಸಿದ್ದು ಕಚೇರಿಯ ಮೂಲಕವಾದ್ದರಿಂದ, ಫಲಿತಾಂಶ ನನಗಿಂತ ಮೊದಲೇ ಕಚೇರಿ ತಲುಪಿತ್ತು. ಸೋಮವಾರ ನಾನು ಊರುಗೋಲು ಊರಿಕೊಂಡು ಎರಡನೇ ಮಹಡಿ ಹತ್ತಿ ಬಂದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಪುರುಷರ 45–50ರ ವಯೋಮಾನದಲ್ಲಿ ಏಳನೇ ಸ್ಥಾನ. ಅಧೀಕ್ಷಕರು ಊರುಗೋಲನ್ನು ನೋಡಿ, “ಸುಸ್ತು ಇನ್ನೂ ಇಳಿದಿಲ್ಲ ಪಾಪ” ಎಂದರು. ಪಟ್ಟಿಯಲ್ಲಿ ಸ್ಥಾನ ಮಾತ್ರ ಇದ್ದುದರಿಂದ, ಸಮಯ ಎಷ್ಟು ಎಂದು ಕೇಳಿದರು. ನನ್ನ ಬಾಯಿ, ನನ್ನನ್ನು ಕೇಳದೆ, “ಐವತ್ನಾಲ್ಕು ನಲವತ್ತು” ಎಂದಿತು. ಅದನ್ನು ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರು.

ಸಂಖ್ಯೆ 2317ರ ಛಾಯಾಚಿತ್ರಗಳನ್ನು ತಮ್ಮ ಸಮಿತಿಯೇ ಕಳಿಸಿಕೊಟ್ಟಿತ್ತು. ಏಳರಲ್ಲಿ ಏಳರಲ್ಲೂ ಇರುವುದು ಜಡೆ ಹಾರಿಸಿಕೊಂಡು ಓಡುತ್ತಿರುವ ನನ್ನ ಪತ್ನಿ. ಅಧೀಕ್ಷಕರು ಕನ್ನಡಕ ಏರಿಸಿ ಒಂದೊಂದನ್ನೂ ಪರಿಶೀಲಿಸಿ, “ಛೆ, ಯಾರೋ ಹೆಂಗಸು ಅಡ್ಡ ಬಂದ್ಬಿಟ್ಟಿದಾರೆ. ಒಂದ್ರಲ್ಲೂ ನೀವು ಕಾಣಿಸ್ತಿಲ್ಲ” ಎಂದು ಮರುಗಿದರು. ನಾನು ಏಳನ್ನೂ ಜೋಡಿಸಿ ಚೀಲಕ್ಕೆ ಹಾಕಿಕೊಂಡೆ.

8. ಅದೇ ವಾರದ ಶುಕ್ರವಾರ, ಕುಟುಂಬ ಸಮೇತ ಎಲ್ಲರನ್ನೂ ಕರೆದು, “ಗಾಯವನ್ನು ಗೆದ್ದ ಬಗೆ” ಎಂಬ ವಿಷಯದ ಮೇಲೆ ನನ್ನಿಂದ ಭಾಷಣ ಮಾಡಿಸಿದರು. ಇಪ್ಪತ್ತೆರಡು ನಿಮಿಷ ಮಾತಾಡಿದೆ. ನೋವು ಎರಡು ದಿನದ ಅತಿಥಿ ಎಂದೆ. ಛಲ ಮನೆಯ ಯಜಮಾನ ಎಂದೆ. ಪತ್ನಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಕೊನೆಗೆ ನಾನು ಹೇಳಿದ ಮಾತನ್ನು, ತನಿಖೆಯ ದೃಷ್ಟಿಯಿಂದ, ಇದ್ದದ್ದು ಇದ್ದ ಹಾಗೆ ಇಲ್ಲಿ ದಾಖಲಿಸುತ್ತಿದ್ದೇನೆ: “ನನ್ನ ಈ ಐವತ್ನಾಲ್ಕು ನಲವತ್ತರ ಹಿಂದೆ ನನ್ನ ಹೆಂಡತಿಯ ತ್ಯಾಗವೂ ಇದೆ.”

ಸಭೆ ಅವಳತ್ತ ತಿರುಗಿ ಚಪ್ಪಾಳೆ ತಟ್ಟಿತು. ಅವಳು ಅರ್ಧ ಎದ್ದು ಕೂತಳು. ಮನೆಗೆ ಬರುವ ದಾರಿಯಲ್ಲಿ “ಚೆನ್ನಾಗಿ ಮಾತಾಡಿದ್ರಿ” ಎಂದಳು. ಅದರಲ್ಲಿ ಕೊಂಕಿತ್ತೇ ಎಂದು ನಾನು ಬಹಳ ಹುಡುಕಿದೆ, ಸಿಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಏಳು ಗಂಟೆಯವರೆಗೂ ಮಲಗಿದ್ದಳು. ಅದರ ಮರುದಿನವೂ ಮಲಗಿದ್ದಳು. ಫ್ರಿಜ್ ಬಾಗಿಲ ಮೇಲೆ ಪಟ್ಟಿ ಇರಲಿಲ್ಲ, ಅಂಟಿನ ನಾಲ್ಕು ಕಲೆಗಳಷ್ಟೇ ಇದ್ದವು. ಒಂದು ಗಾಯ ವಾಸಿಯಾಗಲು ಎಷ್ಟು ತಿಂಗಳು ಬೇಕೆಂದು ನನಗೆ ಗೊತ್ತಿದೆ. ಇದಕ್ಕೆಷ್ಟು ಬೇಕೆಂದು ಗೊತ್ತಿರಲಿಲ್ಲ.

9. ಐದು ವಾರಗಳ ನಂತರ ಅವಳು ಮತ್ತೆ ಓಡತೊಡಗಿದಳು. ತಮ್ಮ ಸಮಿತಿ ಈ ವರ್ಷ ಇಪ್ಪತ್ತೊಂದು ಕಿಲೋಮೀಟರಿನ ಓಟವನ್ನು ಏರ್ಪಡಿಸಿದ್ದು, ಹತ್ತು ಕಿಲೋಮೀಟರನ್ನು ಅರವತ್ತು ನಿಮಿಷದೊಳಗೆ ಓಡಿದ ದಾಖಲೆ ಇದ್ದವರಿಗೆ ಮಾತ್ರ ಪ್ರವೇಶವಿರುತ್ತದೆ. ಕೊನೆಯ ದಿನಾಂಕ ಇದೇ ಮೂವತ್ತು. ಒಂದು ಸಂಜೆ ಅವಳು ಊಟದ ಮೇಜಿನ ಬಳಿ ಕೂತು ಅರ್ಜಿ ತುಂಬುತ್ತಿದ್ದಳು. ನಾನು ಹಿಂದೆ ನಿಂತಿದ್ದೆ, ಅವಳಿಗೆ ಗೊತ್ತಿರಲಿಲ್ಲ. ಹೆಸರು, ವಯಸ್ಸು, ರಕ್ತದ ಗುಂಪು ಬರೆದು ಗುಂಡಿ ಒತ್ತಿದಳು. ತೆರೆಯ ಮೇಲೆ ಬಂದ ಉತ್ತರ: “ತಮ್ಮ ಹೆಸರಿನಲ್ಲಿ ಯಾವುದೇ ಓಟ ಕಂಡುಬಂದಿರುವುದಿಲ್ಲ.”

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಕಂಪ್ಯೂಟರ್ ಮುಚ್ಚಿ, ಒಣಗಿದ ಬಟ್ಟೆ ಮಡಚಲು ಹೋದಳು. ನನ್ನ ಓಟದ ಅಂಗಿಯನ್ನೂ ಮಡಚಿದಳು. ನಾನು ಆಗಲೇ ಈ ಅರ್ಜಿ ಬರೆಯಬೇಕಿತ್ತು. ಬರೆದರೆ ಫಲಕ ಅಳಿಸಬೇಕಾಗುತ್ತದೆ, ಅಧೀಕ್ಷಕರಿಗೆ ಮುಖ ತೋರಿಸಬೇಕಾಗುತ್ತದೆ. ಆದ ಕಾರಣ ಮೂರು ವಾರ ಸುಮ್ಮನಿದ್ದೆ.

10. ಈ ನಡುವೆ ನನ್ನ ಕಾಲು ವಾಸಿಯಾಯಿತು. ಗಾಯವಾದ ಹನ್ನೆರಡನೇ ತಿಂಗಳಿಗೆ, ಅಂದರೆ ಕಳೆದ ವಾರ, ಫಿಸಿಯೋ ಒಪ್ಪಿಗೆಯೊಂದಿಗೆ ತಮ್ಮ ಓಟದಲ್ಲಿ ಭಾಗವಹಿಸಿದೆ. “ಪಕ್ಕದವರ ಜೊತೆ ಮಾತಾಡ್ತಾ ಓಡೋಕೆ ಆಗ್ಬೇಕು, ಅದಕ್ಕಿಂತ ಜೋರಾಗಿ ಬೇಡ” ಎಂಬುದು ಅವರ ಷರತ್ತು. ನಾಲ್ಕನೇ ಕಿಲೋಮೀಟರಿನ ನಂತರ ಪಕ್ಕದಲ್ಲಿ ಯಾರೂ ಇರಲಿಲ್ಲ. ಆರರಿಂದ ಆಂಬುಲೆನ್ಸ್ ನನ್ನ ಹಿಂದೆಯೇ ಬಂತು. ಚಾಲಕ ತಲೆ ಹೊರಗೆ ಹಾಕಿ, “ಸರ್, ಹತ್ಕೊಳಿ. ನಾನ್ ಯಾರಿಗೂ ಹೇಳಲ್ಲ” ಎಂದ. ಎಂಟರಲ್ಲಿ, ಓಟಕ್ಕೆ ಸಂಬಂಧವೇ ಇಲ್ಲದ ಒಬ್ಬ ಅಜ್ಜಿ, ತರಕಾರಿ ಚೀಲ ಹಿಡಿದು ನನ್ನನ್ನು ದಾಟಿ ಹೋದರು. ನಾನು ವೇಗ ಹೆಚ್ಚಿಸಲಿಲ್ಲ. ಒಂಬತ್ತು ವರ್ಷಗಳ ನನ್ನ ಓಟದ ಜೀವನದಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಮಾಡಿಲ್ಲ.

ಒಂದು ಗಂಟೆ ನಲವತ್ತೊಂದು ನಿಮಿಷಕ್ಕೆ ಮುಕ್ತಾಯ ತಲುಪಿದಾಗ, ಕಮಾನಿನ ಗಾಳಿ ಬಿಟ್ಟು ಅದನ್ನು ನೆಲಕ್ಕೆ ಮಲಗಿಸಿದ್ದರು. ಸಮಯ ಅಳೆಯುವ ಚಾಪೆಯನ್ನು ಸುತ್ತಿ ಲಾರಿಗೆ ಹಾಕುತ್ತಿದ್ದರು. ನಾನು ಮಲಗಿದ ಕಮಾನನ್ನು ದಾಟಿ ಓಟ ಮುಗಿಸಿದೆ. ಕಾಲು ನೋಯಲಿಲ್ಲ. ಅಲ್ಲೇ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಅತ್ತೆ. ಸಂತೋಷಕ್ಕೇ ಅತ್ತದ್ದು, ಅದರಲ್ಲಿ ಬೇರೇನೂ ಬೆರೆತಿರಲಿಲ್ಲ.

ಸಂಜೆ ಈ ಸಲದ ನನ್ನ ಸಂಖ್ಯೆಯ ಫಲಿತಾಂಶ ಬಂತು: “2046: ಓಟ ಪೂರ್ಣಗೊಳಿಸಿರುವುದಿಲ್ಲ.” ಮರುದಿನವೇ ತಮ್ಮ ಕಚೇರಿಗೆ ಬಂದು ಕಂಪ್ಯೂಟರ್ ಮುಂದೆ ಕೂತಿದ್ದವರನ್ನು ವಿಚಾರಿಸಿದೆ.

“ಸಿಸ್ಟಮ್‌ನಲ್ಲಿ ಇಲ್ಲ ಅಂದ್ರೆ ಓಡಿಲ್ಲ ಅಂತ ಸರ್.”

“ಓಡಿದೀನಿ ಕಣ್ರೀ!”

“ಇರ್ಬಹುದು ಸರ್. ಆದ್ರೆ ಇಲ್ಲ.”

11. ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಾಡಿದೆ. “ಹತ್ತು ಕಿಲೋಮೀಟರ್ ಓಡಿದವನು ನಾನು! ಯಾವನೋ ಕುರ್ಚಿ ಮೇಲೆ ಕೂತು ಓಡೇ ಇಲ್ಲ ಅಂತಾನೆ. ನನ್ನ ಕಾಲು, ನನ್ನ ಬೆವರು, ಅವನ್ಯಾರು ಇಲ್ಲ ಅನ್ನೋಕೆ? ಓಡಿದೋರ ಹೆಸರು ಬರ್ಕೊಳಕ್ಕೂ ಆಗಲ್ವಾ ಇವರಿಗೆ?”

ಪತ್ನಿ ಹುರುಳಿಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಹೌದು ರೀ” ಎಂದಳು. “ತುಂಬ ಬೇಜಾರಾಗತ್ತೆ.”

ಅಷ್ಟೇ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಜಗಳವಾಗುತ್ತಿತ್ತು, ಈ ಅರ್ಜಿಯ ಪ್ರಮೇಯ ಬರುತ್ತಿರಲಿಲ್ಲ. ಅವಳು ನಿಜವಾಗಿಯೂ ನನ್ನ ಬಗ್ಗೆ ಮರುಗಿದ್ದಳು. ಒಂದು ದಿನ ತಡೆದುಕೊಳ್ಳಲಾಗದ ನನ್ನ ಮುಂದೆ, ಅದನ್ನೇ ತಿಂಗಳುಗಟ್ಟಲೆ ಹೊತ್ತವಳು ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ನನಗೆ ನಾಚಿಕೆಯಾಯಿತು. ಊರಿನ ಅಂಗಡಿಗಳಿಗೆಲ್ಲ ಹೋಗಿ ತಕ್ಕಡಿಯ ತಟ್ಟೆ ಎತ್ತಿ ನೋಡುವವನು ನಾನು, ಮಾನ್ಯರೇ. ಕಲ್ಲು ಹಗುರವಿದೆಯೆಂದು ಎಷ್ಟೋ ಜನರಿಗೆ ನೋಟಿಸು ಕೊಟ್ಟಿದ್ದೇನೆ.

12. ಆದ್ದರಿಂದ, ಮೇಲೆ ಹೇಳಿದ ಎಲ್ಲ ಕಾರಣಗಳಿಂದ, ಹಾಗೂ ಹೇಳಲು ಬಾರದ ಇನ್ನೊಂದೆರಡು ಕಾರಣಗಳಿಂದ, ಕೋರಿಕೊಳ್ಳುವುದೇನೆಂದರೆ:

ಅ) ಸದರಿ ಓಟವನ್ನು ನನ್ನ ಹೆಸರಿನಿಂದ ತೆಗೆದು, ಮೂವತ್ತನೇ ತಾರೀಖಿನೊಳಗೆ, ಪತ್ನಿಯ ಹೆಸರಿಗೆ ದಾಖಲಿಸುವುದು. ತಡವಾದರೆ ಇಪ್ಪತ್ತೊಂದು ಕಿಲೋಮೀಟರಿಗೆ ಅವಳಿಗೆ ಪ್ರವೇಶ ಸಿಗುವುದಿಲ್ಲ, ಮತ್ತು ನಾನು ಒಂದು ವರ್ಷ ಅವಳ ಎದುರಿಗೆ ಕೂತು ಊಟ ಮಾಡಬೇಕಾಗುತ್ತದೆ.

ಆ) ಕಲಂ 14ರ ಪ್ರಕಾರ ಸಂಖ್ಯೆ ಕೊಟ್ಟವರಿಗೂ ಪಡೆದವರಿಗೂ ತಲಾ ಎರಡು ವರ್ಷ ನಿಷೇಧವಿರುತ್ತದೆ. ಪಡೆದವಳು ನಾನು ಹೇಳಿದ್ದನ್ನು ಮಾಡಿದವಳು. ಕಾರಣ, ಎರಡೂ ಪಾಲನ್ನು ಕೂಡಿಸಿ ನಾಲ್ಕು ವರ್ಷವನ್ನೂ ನನಗೇ ಮಂಜೂರು ಮಾಡುವುದು.

ಇ) ಮಹಿಳೆಯರ ಇದೇ ವಯೋಮಾನದಲ್ಲಿ 57 ನಿಮಿಷಕ್ಕೆ ಪ್ರಥಮ ಬಂದವರು ಒಬ್ಬ ದಂತವೈದ್ಯೆ. (ಕ್ರಮಸಂಖ್ಯೆ 1ರಲ್ಲಿ ಹೇಳಿದ ಹತ್ತಿ ಇಟ್ಟವರು ಅವರೇ.) ಅವರ ಕಪ್ಪನ್ನು ವಾಪಸು ಕೇಳಬಾರದು.

ಈ) ನನ್ನ ಒಂದು ಗಂಟೆ ನಲವತ್ತೊಂದು ನಿಮಿಷದ ಬಗ್ಗೆ ಯಾವ ಕ್ರಮವೂ ಬೇಡ. ಅದನ್ನು ಬರೆದುಕೊಳ್ಳದಿದ್ದರೂ ನಡೆಯುತ್ತದೆ ಎಂದು ಈ ಅರ್ಜಿ ಬರೆಯುತ್ತಾ ಬರೆಯುತ್ತಾ ನನಗೇ ಅನ್ನಿಸಿದೆ.

ಇಂದಿನಿಂದ ಜಾರಿಗೆ ಬರುವಂತೆ,
ತಮ್ಮ ವಿಶ್ವಾಸಿ,
(ಸಹಿ)
ಹೆಸರಿಗೆ ಮಾತ್ರ 2317

ಅಡಕಗಳು:
1) ಪದಕ, ಒಂದು. (ಪರಿಶೀಲಿಸಿ ಪತ್ನಿಯ ಹೆಸರಿಗೆ ಹಿಂತಿರುಗಿಸುವುದು.)
2) ಛಾಯಾಚಿತ್ರಗಳು, ಏಳು. ಅಡ್ಡ ಬಂದಿರುವ ಹೆಂಗಸೇ ಓಟಗಾರ್ತಿ.
3) ಹದಿನಾರು ವಾರಗಳ ತರಬೇತಿ ಪಟ್ಟಿ. (ಕಸದ ಬುಟ್ಟಿಯಲ್ಲಲ್ಲ, ಅವಳ ಬೀರುವಿನಲ್ಲಿ ಸೀರೆಗಳ ಕೆಳಗೆ ಸಿಕ್ಕಿತು.)
4) ಕಚೇರಿ ಫಲಕವನ್ನು ನಾನೇ ಒರೆಸಿದ್ದಕ್ಕೆ ಅಧೀಕ್ಷಕರು ನೀಡಿದ ಕಾರಣ ಕೇಳುವ ನೋಟಿಸಿನ ಪ್ರತಿ.
5) ಅಧಿಕೃತ ಪ್ರಮಾಣಪತ್ರ. ನನ್ನ ಹೆಸರಿದ್ದ ಕಾರಣ ಇದನ್ನು ಈವರೆಗೆ ತೆರೆದು ನೋಡಿರಲಿಲ್ಲ.
6) ಪತ್ನಿಯ ಒಪ್ಪಿಗೆ ಪತ್ರ.

ತಿದ್ದುಪಡಿ: ಮೇಲ್ಕಂಡ ಆರನೇ ಅಡಕಕ್ಕೆ ಸಹಿ ಬೇಕಾದ್ದರಿಂದ ಇಡೀ ಅರ್ಜಿಯನ್ನು ಇಂದು ಬೆಳಿಗ್ಗೆ ಪತ್ನಿಯ ಕೈಗೆ ಕೊಟ್ಟೆ. ಅವಳು ನಿಂತುಕೊಂಡೇ ಮೊದಲಿನಿಂದ ಕೊನೆಯವರೆಗೆ ಓದಿದಳು. ಎಂಟನೇ ಕ್ರಮಸಂಖ್ಯೆಯಲ್ಲಿ ಬಹಳ ಹೊತ್ತು ನಿಂತಳು. ಬೈಗುಳಕ್ಕೆ ಸಿದ್ಧನಾಗಿ ನಾನು ಗೋಡೆಗೆ ಒರಗಿದೆ.

“ಎಲ್ಲಾ ಸರಿಯಾಗಿ ಬರ್ದಿದೀರಿ” ಎಂದಳು. “ಒಂದೇ ಒಂದು ತಪ್ಪು. ಐವತ್ನಾಲ್ಕು ನಲವತ್ತಲ್ಲ. ಐವತ್ನಾಲ್ಕು ಮೂವತ್ತೆಂಟು.”

ಪ್ರಮಾಣಪತ್ರ ತೆರೆದು ನೋಡಿದೆ. ಅವಳು ಹೇಳಿದ್ದೇ ಸರಿ. ಭಾಷಣದ ದಿನ ಎರಡನೇ ಸಾಲಿನಲ್ಲಿ ಕೂತು ಕೇಳುವಾಗಲೂ ಅವಳಿಗೆ ಇದು ಗೊತ್ತಿತ್ತು.

ಆದ ಕಾರಣ, ಈ ಅರ್ಜಿಯಲ್ಲಿ 54 ನಿಮಿಷ 40 ಸೆಕೆಂಡು ಎಂದು ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ 54 ನಿಮಿಷ 38 ಸೆಕೆಂಡು ಎಂದು ಓದಿಕೊಳ್ಳಬೇಕಾಗಿ ವಿನಂತಿ.